ಹಗ್ಗದ ಮೇಲೆ ನಡೆದ ಹುಡುಗ: ಸಂತ ಜಾನ್ ಬೋಸ್ಕೊ

ಜನವರಿ 31 ಸಂತ ಜಾನ್ ಬೋಸ್ಕೊರವರ ಹಬ್ಬ. ಕಪ್ಪು ನಿಲುವಂಗಿ ತೊಟ್ಟು, ಎಡಬಲದಲ್ಲಿ ಹುಡುಗರನ್ನು ನಿಲ್ಲಿಸಿಕೊಂಡು ನಸುನಗುತ್ತಿರುವ ಧರ್ಮಗುರುವಿನ ಚಿತ್ರವನ್ನು ನಮ್ಮಲ್ಲಿ ಬಹುತೇಕರು ಶಾಲೆಯ ಗೋಡೆಯಲ್ಲೋ ಪ್ರಾರ್ಥನಾ ಪುಸ್ತಕದ ನಡುವಿನ ಚೀಟಿಯಲ್ಲೋ ನೋಡಿದ್ದೇವೆ. ಯುವಜನರ ತಂದೆ ಮತ್ತು ಗುರು ಎಂದು ಅವರನ್ನು ಗೌರವಿಸುತ್ತೇವೆ. ಆದರೆ ಇದೇ ಧರ್ಮಗುರು ಚಿಕ್ಕಂದಿನಲ್ಲಿ ಎರಡು ಮರಗಳ ನಡುವೆ ಹಗ್ಗ ಬಿಗಿದು ಅದರ ಮೇಲೆ ನಡೆಯುತ್ತಿದ್ದರು, ಲಾಗ ಹಾಕುತ್ತಿದ್ದರು, ನೆರೆಯವರ ಮೂಗಿನ ತುದಿಯಿಂದ ನಾಣ್ಯ ತೆಗೆದು ತೋರಿಸುತ್ತಿದ್ದರು ಎಂಬ ಸಂಗತಿ ಹಬ್ಬದ ಪ್ರವಚನದಲ್ಲಿ ಒಂದೇ ವಾಕ್ಯವಾಗಿ ಬಂದು ಹೋಗುತ್ತದೆ. ಆ ಒಂದು ವಾಕ್ಯದ ಬಳಿಯೇ ಸ್ವಲ್ಪ ಹೊತ್ತು ನಿಲ್ಲೋಣ ಎಂದು ನಾವು ಈ ಲೇಖನ ಬರೆಯುತ್ತಿದ್ದೇವೆ. ಮಕ್ಕಳೊಡನೆ ಅವರು ಮುಂದೆ ಮಾಡಿದ ಎಲ್ಲ ಕೆಲಸದ ಬೇರು ಅಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಉತ್ತರ ಇಟಲಿಯ ಪಿಯೆಮಾಂಟ್ ಪ್ರದೇಶದಲ್ಲಿ, ಕಾಸ್ತೆಲ್‌ನುವೊವೊ ಎಂಬ ಊರಿಗೆ ಸೇರಿದ ಬೆಕ್ಕಿ ಎಂಬ ಸಣ್ಣ ಹಳ್ಳಿಯಲ್ಲಿ 1815ರ ಆಗಸ್ಟ್ 16ರಂದು ಜಾನ್ ಹುಟ್ಟಿದನು. ತಂದೆ ಫ್ರಾನ್ಸಿಸ್ ರೈತ. ತಾಯಿ ಮಾರ್ಗರೀತಾ ಅವರ ಎರಡನೆಯ ಹೆಂಡತಿ. ಜಾನ್‌ಗೆ ಇನ್ನೂ ಎರಡು ವರ್ಷ ತುಂಬದಿದ್ದಾಗ, 1817ರ ಮೇ ತಿಂಗಳಲ್ಲಿ, ಬೆವರಿದ ಮೈಯಲ್ಲಿ ತಣ್ಣನೆಯ ನೆಲಮಾಳಿಗೆಗೆ ಇಳಿದ ತಂದೆ ಶ್ವಾಸಕೋಶದ ಜ್ವರಕ್ಕೆ ತುತ್ತಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದೇ ವರ್ಷ ಆ ಸೀಮೆಗೆ ಬರಗಾಲ ಬಂತು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಗಂಡನ ಮೊದಲ ಮದುವೆಯ ಮಗ ಆಂಟನಿ, ತನ್ನ ಮಕ್ಕಳಾದ ಜೋಸೆಫ್ ಮತ್ತು ಜಾನ್. ಇಷ್ಟು ಜನರ ಹೊಟ್ಟೆಯ ಹೊರೆ 29 ವರ್ಷದ ವಿಧವೆಯ ಮೇಲೆ ಬಿತ್ತು. ಓದುಬರಹ ತಿಳಿಯದ ಈ ತಾಯಿ ಮಕ್ಕಳಿಗೆ ಪ್ರಾರ್ಥನೆಯನ್ನೂ ಕ್ರೈಸ್ತ ಶಿಕ್ಷಣವನ್ನೂ ಬಾಯಿಪಾಠದಲ್ಲೇ ಕಲಿಸಿದಳು.

ಒಂಬತ್ತು ವರ್ಷದವನಾಗಿದ್ದಾಗ ಜಾನ್ ಕಂಡ ಕನಸು ನಮಗೆಲ್ಲ ಗೊತ್ತಿರುವುದೇ. ಅಂಗಳದಲ್ಲಿ ಕೆಟ್ಟ ಮಾತಾಡುತ್ತ ಆಡುತ್ತಿದ್ದ ಹುಡುಗರನ್ನು ಅವನು ಗುದ್ದಿ ಸುಮ್ಮನಿರಿಸಲು ಹೋಗುತ್ತಾನೆ. ಹೊಡೆತದಿಂದಲ್ಲ, ಸೌಮ್ಯತೆಯಿಂದಲೇ ಇವರನ್ನು ಗೆಲ್ಲಬೇಕು ಎಂಬ ಅಪ್ಪಣೆ ಅವನಿಗಾಗುತ್ತದೆ. ಬೆಳಿಗ್ಗೆ ಎದ್ದಾಗ ಕನಸಿನ ಗುದ್ದಾಟದಿಂದ ಕೈ ನೋಯುತ್ತಿದ್ದಂತೆ ಅವನಿಗೆ ಅನಿಸಿತಂತೆ. ಕನಸಿನ ಅರ್ಥದ ಬಗ್ಗೆ ಬಹಳಷ್ಟು ಬರೆಯಲಾಗಿದೆ. ನಾವು ಕೇಳುವ ಪ್ರಶ್ನೆ ಚಿಕ್ಕದು: ಹೊಡೆಯಬಾರದು ಎಂದಾದರೆ, ಹಳ್ಳಿಯ ಪುಂಡ ಹುಡುಗರು ಒಬ್ಬ ಬಡ ವಿಧವೆಯ ಮಗನ ಮಾತನ್ನು ಯಾಕೆ ಕೇಳಬೇಕು? ಅವನ ಕೈಯಲ್ಲಿ ಏನಿತ್ತು?

ಉತ್ತರ ಅವನಿಗೆ ಸಂತೆಯಲ್ಲಿ ಸಿಕ್ಕಿತು. ಸುತ್ತಲಿನ ಊರುಗಳ ಸಂತೆ ಜಾತ್ರೆಗಳಿಗೆ ಹಗ್ಗದಾಟದವರೂ ಕಣ್ಕಟ್ಟಿನವರೂ ಬರುತ್ತಿದ್ದರು. ಜನ ಬಾಯಿ ಬಿಟ್ಟು ಆಟ ನೋಡುತ್ತಿದ್ದರೆ ಈ ಹುಡುಗ ಆಟಗಾರನ ಕೈಕಾಲನ್ನೇ ನೋಡುತ್ತಿದ್ದ. ಚೆಂಡು ಎಲ್ಲಿ ಮಾಯವಾಯಿತು, ಕಾಲಿನ ಯಾವ ಭಾಗ ಹಗ್ಗಕ್ಕೆ ತಾಗುತ್ತದೆ ಎಂದು ಗಮನವಿಟ್ಟು ನೋಡಿ, ಮನೆಗೆ ಬಂದು ಅದೇ ಬರುವವರೆಗೂ ಅಭ್ಯಾಸ ಮಾಡುತ್ತಿದ್ದ. ಬಿದ್ದದ್ದು, ಮೈ ಜಜ್ಜಿಕೊಂಡದ್ದು ಎಷ್ಟೋ ಸಲ. ಹನ್ನೊಂದು ವರ್ಷವಾಗುವಷ್ಟರಲ್ಲಿ ಕೈಚಳಕದ ಆಟ, ಲಾಗ, ಕೈಗಳ ಮೇಲೆ ನಡೆಯುವುದು, ಹಗ್ಗದ ಮೇಲೆ ನಡೆಯುವುದು ಮಾತ್ರವಲ್ಲ, ಅದರ ಮೇಲೆ ಕುಣಿಯುವುದೂ ಅವನಿಗೆ ಬರುತ್ತಿತ್ತು.

ಇದನ್ನು ಓದುವಾಗ ಇದೊಂದು ವಿಶೇಷ ವರ ಎಂದು ನಾವು ಭಾವಿಸಿಬಿಡುತ್ತೇವೆ. ಹಾಗಲ್ಲ. ಹಗ್ಗದ ಮೇಲೆ ನಡೆಯುವುದಕ್ಕೆ ಒಂದು ಕ್ರಮವಿದೆ. ಹಗ್ಗ ನೆಲಕ್ಕೆ ಹತ್ತಿರವಾಗಿ, ಚೆನ್ನಾಗಿ ಬಿಗಿದಿರಬೇಕು. ತನ್ನ ಕಾಲನ್ನೇ ನೋಡಿಕೊಳ್ಳುವವನು ಬೀಳುತ್ತಾನೆ. ದೃಷ್ಟಿಯನ್ನು ಹಗ್ಗದ ಆಚೆ ತುದಿಯಲ್ಲಿ ನೆಟ್ಟವನು ನಿಲ್ಲುತ್ತಾನೆ. ಅಂಗೈಯ ಮೇಲೆ ಕೋಲು ನಿಲ್ಲಿಸುವಾಗಲೂ ಹಾಗೆಯೇ, ಅಂಗೈಯನ್ನಲ್ಲ, ಕೋಲಿನ ಮೇಲ್ತುದಿಯನ್ನು ನೋಡಬೇಕು. ಇಂಥ ವಿದ್ಯೆಯಲ್ಲಿ ಮೋಸಕ್ಕೆ ಜಾಗವಿಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆಯಬಹುದು, ಪಕ್ಕದವನನ್ನು ನೋಡಿ ಹಗ್ಗದ ಮೇಲೆ ನಿಲ್ಲಲಾಗದು. ನಿನ್ನೆ ಮೂರು ಹೆಜ್ಜೆ, ಇವತ್ತು ಐದು ಹೆಜ್ಜೆ ಎಂಬುದನ್ನು ಮಗು ತಾನೇ ಎಣಿಸುತ್ತದೆ. ಅಂಕ ಕೊಡಲು ಮೇಷ್ಟ್ರು ಬೇಕಾಗಿಲ್ಲ.

ಈ ಕಲಿಕೆಗೆ ಖರ್ಚೂ ಇತ್ತು. ಆಟ ನೋಡಲು ಹಣ ಕೊಡಬೇಕು, ಚೆಂಡು ಹಗ್ಗ ಬೇಕು. ಜಾನ್ ತನಗೆ ಸಿಗುತ್ತಿದ್ದ ಚಿಲ್ಲರೆ ಹಣವನ್ನು ಕೂಡಿಟ್ಟ, ಹಕ್ಕಿ ಹಿಡಿದು ಮಾರಿದ, ಕಾಡಿನಲ್ಲಿ ಅಣಬೆಯನ್ನೂ ಬಣ್ಣ ಹಾಕಲು ಬಳಸುವ ಗಿಡಗಳನ್ನೂ ಹುಡುಕಿ ತಂದು ಮಾರಿದ. ಬಡತನದ ಮನೆಯಲ್ಲಿ ಮಗ ಇಂಥದ್ದಕ್ಕೆ ಹಣ ಕೂಡಿಡುತ್ತಿದ್ದರೆ ಯಾವ ತಾಯಿ ಸುಮ್ಮನಿದ್ದಾಳು? ಮಾರ್ಗರೀತಾ ಸುಮ್ಮನಿದ್ದಳು. ಮಗ ಏನನ್ನೂ ಮುಚ್ಚಿಡದೆ ತಾಯಿಗೆ ಹೇಳುತ್ತಿದ್ದ, ಅವಳ ಒಪ್ಪಿಗೆಯಿಲ್ಲದೆ ಏನನ್ನೂ ಮಾಡುತ್ತಿರಲಿಲ್ಲ. ನಮ್ಮ ಮಟ್ಟಿಗೆ ಈ ಕಥೆಯ ಮೊದಲ ಶಿಕ್ಷಕಿ ಅವಳೇ. ಬೀಳುವ ಮಗನನ್ನು ನೋಡಿಯೂ ಹಗ್ಗ ಬಿಚ್ಚಿಸದೆ ಇರುವುದಕ್ಕೆ ಒಂದು ಧೈರ್ಯ ಬೇಕು.

ಬೆಕ್ಕಿಯ ಒಂದು ಹುಲ್ಲುಗಾವಲಿನಲ್ಲಿ ಆಗ ಕೆಲವು ಮರಗಳಿದ್ದವು. ಅವುಗಳಲ್ಲಿ ಒಂದು ಪೇರ್ ಹಣ್ಣಿನ ಮರ. ಭಾನುವಾರ ಮತ್ತು ಹಬ್ಬದ ದಿನಗಳಂದು ಜಾನ್ ಆ ಮರದಿಂದ ಇನ್ನೊಂದು ಮರಕ್ಕೆ ಹಗ್ಗ ಕಟ್ಟುತ್ತಿದ್ದ. ಪಕ್ಕದಲ್ಲಿ ಒಂದು ಮೇಜು, ಮೇಲೆ ಜೋಳಿಗೆ, ನೆಲದಲ್ಲಿ ಲಾಗ ಹಾಕಲು ಒಂದು ಹಾಸು. ನೆರೆಹೊರೆಯ ಮಕ್ಕಳು, ದೊಡ್ಡವರು ಎಲ್ಲರೂ ಬಂದು ಸುತ್ತ ಸೇರುತ್ತಿದ್ದರು. ಆದರೆ ಆಟ ತಕ್ಷಣ ಶುರುವಾಗುತ್ತಿರಲಿಲ್ಲ. ಮೊದಲು ಜಪಸರ, ಒಂದು ಭಕ್ತಿಗೀತೆ. ಆಮೇಲೆ ಹುಡುಗ ಕುರ್ಚಿಯ ಮೇಲೆ ನಿಂತು, ಬೆಳಗ್ಗಿನ ಬಲಿಪೂಜೆಯಲ್ಲಿ ಕೇಳಿದ ಪ್ರವಚನವನ್ನು ನೆನಪಿನಿಂದ ಒಪ್ಪಿಸುತ್ತಿದ್ದ. ಅದಾದ ಮೇಲೆ ಪ್ರವಚನಕಾರ ಕುರ್ಚಿಯಿಂದ ಇಳಿದು ಆಟಗಾರನಾಗುತ್ತಿದ್ದ. ಲಾಗ ಹಾಕುವುದು, ತಲೆ ಕೆಳಗೆ ಮಾಡಿ ಕೈಗಳ ಮೇಲೆ ನಡೆಯುವುದು, ನಾಣ್ಯ ನುಂಗಿ ಯಾರದೋ ಮೂಗಿನಿಂದ ತೆಗೆಯುವುದು, ಚೆಂಡು ಮೊಟ್ಟೆಗಳನ್ನು ಒಂದಕ್ಕೆ ಹತ್ತು ಮಾಡುವುದು, ನೀರನ್ನು ದ್ರಾಕ್ಷಾರಸವಾಗಿಸುವುದು, ಕೊಯ್ದ ಕೋಳಿ ಮತ್ತೆ ಎದ್ದು ಕೂಗುವಂತೆ ಮಾಡುವುದು. ಕೊನೆಗೆ ಹಗ್ಗ. ಮನೆಯ ಓಣಿಯಲ್ಲಿ ನಡೆದಂತೆ ಅದರ ಮೇಲೆ ನಡೆದು, ಕುಣಿದು, ಒಂದು ಕಾಲಿನಿಂದ ನೇತಾಡಿ ಮತ್ತೆ ಮೇಲೇರುತ್ತಿದ್ದ. ಎಲ್ಲರೂ ಸುಸ್ತಾದ ಮೇಲೆ ಒಂದು ಚಿಕ್ಕ ಪ್ರಾರ್ಥನೆ, ಜನ ಮನೆಗೆ.

ಇಲ್ಲಿ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ದೇವದೂಷಣೆ ಮಾಡಿದವರಿಗೆ, ಕೆಟ್ಟ ಮಾತಾಡಿದವರಿಗೆ, ಪ್ರಾರ್ಥನೆಗೆ ಸೇರದವರಿಗೆ ಆ ಹುಲ್ಲುಗಾವಲಿನಲ್ಲಿ ಜಾಗವಿರಲಿಲ್ಲ. ಜಪಸರ ಹೇಳಿದರೆ ಆಟ, ಇಲ್ಲದಿದ್ದರೆ ಇಲ್ಲ. ಹತ್ತು ಹನ್ನೊಂದು ವರ್ಷದ ಹುಡುಗ ಮಾಡಿದ ನಿಯಮವಿದು, ದೊಡ್ಡವರಾದ ಮೇಲೆ ಅವರು ಮಾಡಿದ್ದು ಬೇರೆ. ಟ್ಯೂರಿನ್‌ನ ಬೀದಿ ಹುಡುಗರಿಗೆ ಅವರು ಮೊದಲು ಅಂಗಳದ ಬಾಗಿಲು ತೆರೆದರು, ಪ್ರಾರ್ಥನೆ ಆಟದ ಜೊತೆಜೊತೆಗೆ ಬಂತು. ಹಬ್ಬದ ಬಹುಮಾನವನ್ನು ಹಾಜರಿಯ ಲೆಕ್ಕದ ಮೇಲೆ ಹಂಚುವ ನಾವು ಈ ಎರಡರಲ್ಲಿ ಯಾವ ಬೋಸ್ಕೊರನ್ನು ಅನುಸರಿಸುತ್ತಿದ್ದೇವೆ ಎಂದು ಒಮ್ಮೊಮ್ಮೆ ನಮಗೇ ಅನುಮಾನವಾಗುತ್ತದೆ.

ಹುಲ್ಲುಗಾವಲಿನಲ್ಲಿ ಜನ ಕೊಂಡಾಡಿದ ಹುಡುಗನಿಗೆ ಮನೆಯೊಳಗೆ ಬೇರೆಯೇ ಸ್ಥಿತಿ ಇತ್ತು. ಹೊಲದಲ್ಲಿ ಬೆವರು ಸುರಿಸುತ್ತಿದ್ದ ಅಣ್ಣ ಆಂಟನಿಗೆ ತಮ್ಮನ ಪುಸ್ತಕ ಕಂಡರಾಗುತ್ತಿರಲಿಲ್ಲ. ಅವನ ಸಿಟ್ಟನ್ನು ನಾವು ಪೂರ್ತಿ ತಪ್ಪೆನ್ನಲಾರೆವು, ಉಣ್ಣುವ ಬಾಯಿಗಳೆಲ್ಲ ದುಡಿಯಬೇಕಾದ ಮನೆ ಅದು. ಜಗಳ ಹೆಚ್ಚಿದಾಗ ತಾಯಿ ಅತ್ತುಕೊಂಡೇ ಜಾನ್‌ನನ್ನು ಮನೆಯಿಂದ ಹೊರಗೆ ಕಳುಹಿಸಿದಳು. ಹನ್ನೆರಡು ಹದಿಮೂರರ ಹುಡುಗ ಮೊಲಿಯಾ ಎಂಬ ಕುಟುಂಬದ ಹೊಲಮನೆಯಲ್ಲಿ ಕೆಲಸದಾಳಾಗಿ ಸುಮಾರು ಎರಡು ವರ್ಷ ದುಡಿದ. ನಂತರ ಕಲೋಸೊ ಎಂಬ ವೃದ್ಧ ಧರ್ಮಗುರು ಅವನಿಗೆ ಲ್ಯಾಟಿನ್ ಕಲಿಸಲು ಮುಂದೆ ಬಂದರು. ತಂದೆಯನ್ನು ಕಾಣದ ಹುಡುಗನಿಗೆ ಅವರು ತಂದೆಯಾದರು. 1830ರ ನವೆಂಬರ್‌ನಲ್ಲಿ ಅವರೂ ತೀರಿಕೊಂಡರು.

1831ರಲ್ಲಿ ಜಾನ್ ಕಿಯೇರಿ ಪಟ್ಟಣದ ಶಾಲೆಗೆ ಸೇರಿದ. ಹದಿನಾರು ವರ್ಷದ ಗಟ್ಟಿಮುಟ್ಟಾದ ಹಳ್ಳಿ ಹುಡುಗ ಕೆಳಗಿನ ತರಗತಿಯಲ್ಲಿ ಚಿಕ್ಕ ಮಕ್ಕಳ ನಡುವೆ ಕುಳಿತ. ಈ ನಾಚಿಕೆ ಎಷ್ಟೋ ಹುಡುಗರನ್ನು ಶಾಲೆ ಬಿಡಿಸಿದೆ, ನಮ್ಮ ಕರಾವಳಿಯಲ್ಲೂ ಬಿಡಿಸಿದೆ. ಜಾನ್ ಬಿಡಲಿಲ್ಲ. ಒಂದೇ ವರ್ಷದಲ್ಲಿ ಮೂರು ತರಗತಿ ದಾಟಿದ. ಊಟ ವಸತಿಯ ಖರ್ಚಿಗೆ ಕಾಫಿ ಅಂಗಡಿಯಲ್ಲಿ ದುಡಿದ, ಅಲ್ಲಿ ಮಿಠಾಯಿ ಮಾಡುವುದನ್ನೂ ಕಲಿತ. 1832ರ ಸುಮಾರಿಗೆ ಸಹಪಾಠಿಗಳನ್ನು ಸೇರಿಸಿ ಒಂದು ಕೂಟ ಕಟ್ಟಿದ. ಸಂತೋಷದ ಸಂಘ ಎಂದು ಅದರ ಹೆಸರು. ಕ್ರೈಸ್ತನಿಗೆ ಒಪ್ಪದ ನಡೆನುಡಿ ಕೂಡದು, ಶಾಲೆಯ ಕೆಲಸವನ್ನೂ ಧರ್ಮದ ಕರ್ತವ್ಯವನ್ನೂ ಚಾಚೂ ತಪ್ಪದೆ ಮಾಡಬೇಕು. ಇವೆರಡೇ ನಿಯಮ. ಉಳಿದ ಹೊತ್ತಿನಲ್ಲಿ ಆಟ, ತಿರುಗಾಟ, ಕಥೆ.

ಈ ಸಂಘದ ಕಾಲದಲ್ಲೇ ಕಿಯೇರಿಗೆ ಒಬ್ಬ ವೃತ್ತಿಪರ ಆಟಗಾರ ಬಂದ. ಓಟ, ಜಿಗಿತ, ಕೋಲಿನಾಟ ಎಲ್ಲದರಲ್ಲೂ ನಿಪುಣ. ಅವನು ಭಾನುವಾರ ಇಗರ್ಜಿಯ ಪ್ರಾರ್ಥನೆಯ ಹೊತ್ತಿಗೇ ಆಟ ತೋರಿಸುತ್ತಿದ್ದುದರಿಂದ ಸಂಘದ ಹುಡುಗರು ಅತ್ತ ಜಾರತೊಡಗಿದರು. ಸಮಯ ಬದಲಿಸು ಎಂದು ಕೇಳಿಕೊಂಡರೆ ಅವನು ನಕ್ಕುಬಿಟ್ಟ, ತನ್ನನ್ನು ಮೀರಿಸುವವರಿಲ್ಲ ಎಂದು ಜಂಬ ಕೊಚ್ಚಿದ. ಗೆಳೆಯರ ಒತ್ತಾಯಕ್ಕೆ ಜಾನ್ ಪಂಥಕ್ಕೆ ನಿಂತ.

ಮೊದಲನೆಯದು ಊರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಟ, ಪಣ 20 ಲಿರಾ. ಜಾನ್‌ನ ಬಳಿ ಅಷ್ಟು ಹಣವೆಲ್ಲಿ, ಗೆಳೆಯರು ಒಟ್ಟುಗೂಡಿಸಿ ಕೊಟ್ಟರು. ಆಟಗಾರ ಆರಂಭದಲ್ಲಿ ಮುಂದಿದ್ದರೂ ಜಾನ್ ಅವನನ್ನು ಹಿಂದೆ ಹಾಕಿದ. ಎರಡನೆಯದು ಕಾಲುವೆ ದಾಟುವ ಜಿಗಿತ, ಪಣ 40. ಆಚೆ ದಡದಲ್ಲಿ ಒಂದು ಕಟ್ಟೆಯಿತ್ತು. ಆಟಗಾರ ಕಟ್ಟೆಯ ಬುಡದವರೆಗೂ ಹಾರಿದ, ಅದಕ್ಕಿಂತ ಮುಂದೆ ಜಾಗವೇ ಇಲ್ಲ. ಜಾನ್ ಅಲ್ಲಿಗೇ ಹಾರಿ, ಕಟ್ಟೆಯ ಮೇಲೆ ಕೈಯೂರಿ, ಅದನ್ನೂ ದಾಟಿ ಆಚೆ ಇಳಿದ. ಮೂರನೆಯದು ಕೋಲಿನಾಟ, ಪಣ 80. ಜಾನ್ ಕೋಲನ್ನು ಅಂಗೈಯಿಂದ ಒಂದೊಂದೇ ಬೆರಳಿಗೆ, ಮೊಣಕೈಗೆ, ಭುಜಕ್ಕೆ, ಗದ್ದಕ್ಕೆ, ಮೂಗಿಗೆ, ಹಣೆಗೆ ಸಾಗಿಸಿ ಮತ್ತೆ ಅಂಗೈಗೆ ತಂದ. ಆಟಗಾರನೂ ಸರಾಗವಾಗಿಯೇ ಮಾಡಿದ, ಆದರೆ ಅವನ ಮೂಗು ತುಸು ಉದ್ದ. ಕೋಲು ಅಲ್ಲಿ ತಾಗಿ ಬಿತ್ತು. ರೇಗಿಹೋದ ಅವನು 100 ಲಿರಾ ಪಣವಿಟ್ಟು ಎತ್ತರದ ಮರ ತೋರಿಸಿದ. ಇನ್ನೊಂದು ಗೇಣು ಏರಿದರೆ ಕೊಂಬೆ ಮುರಿದೀತು ಎನ್ನುವಲ್ಲಿಯವರೆಗೆ ತಾನೇ ಏರಿ ಇಳಿದ. ಜಾನ್ ಅಷ್ಟೇ ಎತ್ತರಕ್ಕೆ ಏರಿದ, ಕೈಗಳಿಂದ ಮರವನ್ನು ಬಿಗಿಯಾಗಿ ಹಿಡಿದ, ಕಾಲುಗಳನ್ನು ಆಕಾಶಕ್ಕೆ ಎತ್ತಿ ತಲೆಕೆಳಗಾಗಿ ನಿಂತ. ಪಾದಗಳು ಆಟಗಾರ ಮುಟ್ಟಿದ ಎತ್ತರಕ್ಕಿಂತ ಮೇಲಿದ್ದವು.

ಒಟ್ಟು 240 ಲಿರಾ ಕಳೆದುಕೊಂಡ ಆ ಮನುಷ್ಯನ ಕೈ ಬರಿದಾಯಿತು. ಕಥೆಯಲ್ಲಿ ನಮಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಈಗ ಬರುತ್ತದೆ. ಹುಡುಗರು ಹಣವನ್ನು ಇಟ್ಟುಕೊಳ್ಳಲಿಲ್ಲ. ತಮಗೆಲ್ಲ ಒಂದು ಊಟ ಹಾಕಿಸಿದರೆ ಹಣ ಹಿಂದಿರುಗಿಸುತ್ತೇವೆ ಎಂದರು. 22 ಮಂದಿ ಒಂದು ಹೋಟೆಲಿನಲ್ಲಿ ಕುಳಿತು ಹೊಟ್ಟೆ ತುಂಬ ಉಂಡರು, ಆಟಗಾರ ಉಳಿದ ಹಣವನ್ನು ಜೇಬಿಗಿಳಿಸಿ ಕೃತಜ್ಞತೆಯಿಂದಲೇ ಬೀಳ್ಕೊಂಡ. ಸೋತವನನ್ನು ಬೀದಿಪಾಲು ಮಾಡದೆ ಕಳುಹಿಸಿದ್ದನ್ನು ಆ 22 ಹುಡುಗರು ಮರೆತಿರಲಾರರು.

ಕೈಚಳಕ ತೊಂದರೆಯನ್ನೂ ತಂದಿತು. ಜಾನ್‌ನ ಆಟ ನೋಡಿದ ಕೆಲವರು ಇದು ಮಾಟವೇ ಇರಬೇಕೆಂದು ದೂರಿದರು. ವಿಚಾರಣೆಗೆ ನೇಮಕವಾದ ಧರ್ಮಗುರು ಹುಡುಗನನ್ನು ಕರೆಸಿ ಪ್ರಶ್ನಿಸತೊಡಗಿದರು. ಜಾನ್ ಗಂಟೆ ಎಷ್ಟಾಯಿತೆಂದು ಕೇಳಿದ. ಅವರು ಜೇಬಿಗೆ ಕೈ ಹಾಕಿದರೆ ಗಡಿಯಾರವಿಲ್ಲ. ಒಂದು ನಾಣ್ಯ ಕೊಡಿ ಎಂದ, ಹಣದ ಚೀಲವೂ ಇಲ್ಲ. ಸಿಟ್ಟಿಗೆದ್ದವರಿಗೆ ಹುಡುಗ ಗುಟ್ಟು ಬಿಡಿಸಿ ಹೇಳಿದ: ಅವರು ಬಿಟ್ಟಿದ್ದ ಎರಡನ್ನೂ ತಾನು ಎತ್ತಿ ದೀಪದ ಮುಚ್ಚಳದಡಿ ಇಟ್ಟಿದ್ದೆನೆಂದು. ಗುರುಗಳು ಮನಸಾರೆ ನಕ್ಕು ಕಳುಹಿಸಿದರು.

ಇಷ್ಟೆಲ್ಲ ಆದ ಮೇಲೆ 1835ರ ಅಕ್ಟೋಬರ್ ಬರುತ್ತದೆ. ಇಪ್ಪತ್ತು ವರ್ಷದ ಜಾನ್ ಸೆಮಿನರಿ ಸೇರುವಾಗ ನಿಲುವಂಗಿ ಧರಿಸುತ್ತಾನೆ, ಕೆಲವು ಪ್ರತಿಜ್ಞೆಗಳನ್ನು ಬರೆದಿಟ್ಟುಕೊಳ್ಳುತ್ತಾನೆ. ಸಂತೆ ಜಾತ್ರೆಗಳ ಆಟಕ್ಕೆ ಹೋಗುವುದಿಲ್ಲ, ಕಣ್ಕಟ್ಟು ಮಾಡುವುದಿಲ್ಲ, ಹಗ್ಗದ ಮೇಲೆ ಏರುವುದಿಲ್ಲ, ಪಿಟೀಲು ನುಡಿಸುವುದಿಲ್ಲ. ಇವೆಲ್ಲ ಧರ್ಮಗುರುವಿನ ಗಾಂಭೀರ್ಯಕ್ಕೆ ಒಪ್ಪುವುದಿಲ್ಲ ಎಂದು ಅವನು ಆಗ ನಂಬಿದ್ದ. ಸೆಮಿನರಿಯ ರಜೆಯಲ್ಲಿ ಒಮ್ಮೆ ಹಬ್ಬದ ಮನೆಯಲ್ಲಿ ನೆಂಟರ ಒತ್ತಾಯಕ್ಕೆ ಪಿಟೀಲು ಹಿಡಿದು, ಹೊರಗೆ ಜನ ಅದಕ್ಕೆ ಕುಣಿಯುತ್ತಿರುವುದನ್ನು ಕಂಡಾಗ ಎಷ್ಟು ನೊಂದನೆಂದರೆ ಮನೆಗೆ ಬಂದು ಪಿಟೀಲನ್ನೇ ಮುರಿದು ಹಾಕಿದ. ಅವನ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಆದರೂ ಆ ಪಿಟೀಲು ಮುರಿಯಬೇಕಿರಲಿಲ್ಲ ಎಂದು ಹೇಳುವ ಸ್ವಾತಂತ್ರ್ಯವನ್ನು ತೆಗೆದುಕೊಳ್ಳುತ್ತೇವೆ. ಮುಂದಿನ ಕಥೆ ನಮ್ಮ ಪಕ್ಷದಲ್ಲೇ ಇದೆ.

1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಕಫಾಸೊ ಎಂಬ ಗುರುಗಳ ಜೊತೆ ಸೆರೆಮನೆಗಳಿಗೆ ಹೋದಾಗ ಹನ್ನೆರಡರಿಂದ ಹದಿನೆಂಟರ ಹುಡುಗರು ಅಲ್ಲಿ ಕೊಳೆಯುತ್ತಿದ್ದುದನ್ನು ಕಂಡರು. ಹಳ್ಳಿಗಳಿಂದ ಕೂಲಿಗಾಗಿ ನಗರಕ್ಕೆ ಬಂದು, ಹೇಳುವವರು ಕೇಳುವವರಿಲ್ಲದೆ ಹಾಳಾದವರು. ಬಿಡುಗಡೆಯಾದರೂ ಸ್ವಲ್ಪ ದಿನಗಳಲ್ಲೇ ಮತ್ತೆ ಒಳಗೆ ಬರುತ್ತಿದ್ದರು. ತಮಗಾಗಿ ಯಾರೂ ಇಲ್ಲ ಎಂಬುದೇ ಅವರ ಅಪರಾಧಕ್ಕೆ ಮೂಲ ಎಂದು ಬೋಸ್ಕೊ ಅರಿತರು.

ಅದೇ ವರ್ಷ ಡಿಸೆಂಬರ್ 8ರಂದು, ಅಸಿಸಿಯ ಸಂತ ಫ್ರಾನ್ಸಿಸರ ಇಗರ್ಜಿಯಲ್ಲಿ ಅವರು ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಪೂಜೆಗೆ ಸಹಾಯ ಮಾಡಲು ಬಾರದ ಒಬ್ಬ ಹುಡುಗನನ್ನು ಇಗರ್ಜಿಯ ಕೆಲಸದವನು ಹೊಡೆದು ಓಡಿಸಿದ. ಬೋಸ್ಕೊ ಅವನನ್ನು ತನ್ನ ಸ್ನೇಹಿತನೆಂದು ಹೇಳಿ ವಾಪಸು ಕರೆಸಿದರು. ಹೆಸರು ಬಾರ್ತೊಲೊಮೆಯೊ ಗರೆಲ್ಲಿ, ವಯಸ್ಸು ಹದಿನಾರು, ತಂದೆ ತಾಯಿ ಇಲ್ಲ, ಗಾರೆ ಕೆಲಸ. ಓದು ಬರುತ್ತದೆಯೇ? ಇಲ್ಲ. ಬರಹ? ಇಲ್ಲ. ಹಾಡು? ಇಲ್ಲ. ಸಿಳ್ಳೆ ಹಾಕಲು ಬರುತ್ತದೆಯೇ? ಆಗ ಹುಡುಗ ನಕ್ಕನಂತೆ. ಸಿಳ್ಳೆಯ ಪ್ರಶ್ನೆ ಪರಂಪರೆಯಲ್ಲಿ ಉಳಿದು ಬಂದದ್ದು. ಹಳ್ಳಿಯ ಸಂತೆಯಲ್ಲಿ ತನ್ನ ವಿದ್ಯೆ ಕಲಿತ ಮನುಷ್ಯನೇ ಕೇಳಬಹುದಾದ ಪ್ರಶ್ನೆ ಅದು. ಬಾರದ್ದನ್ನು ಪಟ್ಟಿ ಮಾಡುವುದನ್ನು ನಿಲ್ಲಿಸಿ, ಬರುವುದು ಯಾವುದು ಎಂದು ಕೇಳುವುದು. ಆ ದಿನ ಒಂದು ನಮೋ ಮರಿಯಾ ಪ್ರಾರ್ಥನೆಯೊಂದಿಗೆ ಪಾಠ ಶುರುವಾಯಿತು, ಮುಂದಿನ ಭಾನುವಾರ ಗರೆಲ್ಲಿ ಗೆಳೆಯರನ್ನು ಕರೆತಂದ.

ಹುಡುಗರ ಸಂಖ್ಯೆ ನೂರಾರಾಯಿತು, ಗದ್ದಲಕ್ಕೆ ಹೆದರಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಎಲ್ಲರೂ ಓಡಿಸಿದರು. ಇವರಿಗೆ ಹುಚ್ಚು ಹಿಡಿದಿದೆ ಎಂದುಕೊಂಡ ಇಬ್ಬರು ಗುರುಗಳು ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ತಂದಾಗ, ಬೋಸ್ಕೊ ಅವರಿಬ್ಬರನ್ನೇ ಮೊದಲು ಹತ್ತಿಸಿ, ಬಾಗಿಲು ಮುಚ್ಚಿ ಗಾಡಿ ಓಡಿಸಲು ಹೇಳಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಕೊನೆಗೆ 1846ರ ಏಪ್ರಿಲ್ 12, ಪುನರುತ್ಥಾನದ ಭಾನುವಾರದಂದು, ವಾಲ್ಡೊಕ್ಕೊ ಎಂಬಲ್ಲಿ ಒಂದು ತಗ್ಗಿನ ಮಾಡು ಬಾಡಿಗೆಗೆ ಸಿಕ್ಕಿತು. ಆ ವರ್ಷದ ಕೊನೆಗೆ ತಾಯಿ ಮಾರ್ಗರೀತಾ ಹಳ್ಳಿ ಬಿಟ್ಟು ಮಗನ ಜೊತೆ ಬಂದಳು, ಮದುವೆಯ ಬಟ್ಟೆಬರೆಯನ್ನೂ ಹುಡುಗರಿಗಾಗಿ ಕಳೆದಳು. ಅವಳು ಬೆಳೆಸಿದ ತರಕಾರಿ ತೋಟವನ್ನು ಒಂದು ದಿನ ಹುಡುಗರು ಯುದ್ಧದ ಆಟವಾಡುತ್ತ ತುಳಿದು ಹಾಕಿದರು. ಬೇಸತ್ತು ಊರಿಗೆ ಹೊರಟ ತಾಯಿಗೆ ಮಗ ಏನೂ ಹೇಳದೆ ಗೋಡೆಯ ಶಿಲುಬೆಯತ್ತ ಕೈ ತೋರಿಸಿದರು. ಅವಳು ಉಳಿದಳು, 1856ರಲ್ಲಿ ಸಾಯುವವರೆಗೂ.

ವಾಲ್ಡೊಕ್ಕೊದ ಅಂಗಳದಲ್ಲಿ ಸೆಮಿನರಿಯ ಪ್ರತಿಜ್ಞೆ ಮೆತ್ತಗಾಯಿತು. ನಿಲುವಂಗಿಯ ಗುರುಗಳು ಹುಡುಗರ ನಡುವೆ ಓಡಿದರು, ಪಂಥ ಕಟ್ಟಿದರು, ಕೈಚಳಕದ ಆಟಗಳನ್ನೂ ಮತ್ತೆ ಹೊರತೆಗೆದರು. ಈ ಸಲ ಆಟದ ನಡುವೆ ನಿಂತದ್ದು ಅವರೊಬ್ಬರೇ ಅಲ್ಲ. ಹುಡುಗರೇ ವಾದ್ಯವೃಂದ ಕಟ್ಟಿದರು, ನಾಟಕವಾಡಿದರು, ಕಸರತ್ತು ಕಲಿತರು. ಶರತ್ಕಾಲದಲ್ಲಿ ವಾದ್ಯ ನಾಟಕಗಳ ಸಮೇತ ಹಳ್ಳಿಯಿಂದ ಹಳ್ಳಿಗೆ ನಡೆದುಕೊಂಡು ಹೋಗುತ್ತಿದ್ದರು. ನಿನ್ನೆ ಗಾರೆ ಹೊರುತ್ತಿದ್ದ ಹುಡುಗ ಇವತ್ತು ಊರವರ ಮುಂದೆ ತುತ್ತೂರಿ ಊದುತ್ತಾನೆ. ಅವನ ಬೆನ್ನು ನೆಟ್ಟಗಾಗುವುದನ್ನು ನಾವು ಊಹಿಸಿಕೊಳ್ಳಬಹುದು. 1853ರಿಂದ ಚಪ್ಪಲಿ ಹೊಲಿಯುವ, ಬಟ್ಟೆ ಹೊಲಿಯುವ, ಪುಸ್ತಕ ಕಟ್ಟುವ, ಮರಗೆಲಸದ, ಮುದ್ರಣದ ಕಾರ್ಯಾಗಾರಗಳೂ ಒಂದೊಂದಾಗಿ ಬಂದವು.

1857ರಲ್ಲಿ ಕಾರ್ಮಞೋಲಾ ರೈಲು ನಿಲ್ದಾಣದಲ್ಲಿ ಪುಂಡ ಹುಡುಗರ ಗುಂಪೊಂದು ಆಡುತ್ತಿತ್ತು. ರೈಲಿಗೆ ಕಾಯುತ್ತಿದ್ದ ಬೋಸ್ಕೊ ನೇರ ಆ ಗುಂಪಿನ ನಡುವೆ ಹೋದರು. ಉಳಿದವರು ಓಡಿದರು, ಒಬ್ಬ ಮಾತ್ರ ಸೊಂಟಕ್ಕೆ ಕೈಯಿಟ್ಟು ಎದುರು ನಿಂತ. ಅವನೇ ಗುಂಪಿನ ನಾಯಕ, ಮೈಕಲ್ ಮಗೋನೆ, ತಂದೆಯಿಲ್ಲದ ಹುಡುಗ. ಅವನನ್ನು ವಾಲ್ಡೊಕ್ಕೊಗೆ ಸೇರಿಸಿಕೊಂಡರು, ಅವನ ಗದ್ದಲವನ್ನು ಅಡಗಿಸಲು ಹೋಗಲಿಲ್ಲ. ಮಗೋನೆ 1859ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡಾಗ ಅವನ ಜೀವನಚರಿತ್ರೆಯನ್ನು ಬೋಸ್ಕೊ ಸ್ವತಃ ಬರೆದರು. ಶಾಂತ ಸ್ವಭಾವದ ಸಂತ ಡೊಮಿನಿಕ್ ಸಾವಿಯೊ ನಮ್ಮ ಮಕ್ಕಳಿಗೆಲ್ಲ ಗೊತ್ತು. ಮಗೋನೆಯನ್ನೂ ಅಷ್ಟೇ ಪರಿಚಯಿಸಬೇಕು, ನಮ್ಮ ತರಗತಿಗಳಲ್ಲಿ ಅವನಂಥವರ ಸಂಖ್ಯೆಯೇ ಹೆಚ್ಚು.

1877ರಲ್ಲಿ ಬೋಸ್ಕೊ ತಮ್ಮ ಶಿಕ್ಷಣ ಕ್ರಮವನ್ನು ಕೆಲವೇ ಪುಟಗಳಲ್ಲಿ ಬರೆದರು. ವಿವೇಕ, ಧರ್ಮ, ಮಮತೆ ಎಂಬ ಮೂರು ಆಧಾರಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದೇ ಬರಹದಲ್ಲಿ, ಮಕ್ಕಳಿಗೆ ಮನಬಂದಂತೆ ಓಡಲು, ಹಾರಲು, ಗದ್ದಲ ಮಾಡಲು ಪೂರ್ಣ ಅವಕಾಶ ಬೇಕು, ಕಸರತ್ತು, ಸಂಗೀತ, ನಾಟಕ, ತಿರುಗಾಟಗಳು ಶಿಸ್ತನ್ನು ತರುವ ಅತ್ಯುತ್ತಮ ದಾರಿ ಎಂದೂ ಇದೆ. ಶಿಸ್ತಿಗೆ ರಜೆ ಕೊಟ್ಟು ಆಟವಲ್ಲ, ಆಟದಿಂದಲೇ ಶಿಸ್ತು.

ಈ ಮಾತು ಇವತ್ತು ಬೇರೆ ಹೆಸರಿನಲ್ಲಿ ಲೋಕ ಸುತ್ತುತ್ತಿದೆ. ಆಸ್ಟ್ರೇಲಿಯಾದ ಆಲ್ಬರಿಯಲ್ಲಿ 1979ರಲ್ಲಿ ಮಕ್ಕಳದೇ ಒಂದು ಸರ್ಕಸ್ ಹುಟ್ಟಿತು. ಕೆನಡಾದ ಪ್ರಸಿದ್ಧ ಸರ್ಕ್ ದು ಸೊಲೆಯ್ ಸಂಸ್ಥೆ 1995ರಲ್ಲಿ ಬೀದಿ ಮಕ್ಕಳಿಗೆ ಸರ್ಕಸ್ ವಿದ್ಯೆ ಕಲಿಸುವ ಕಾರ್ಯಕ್ರಮ ಆರಂಭಿಸಿತು. ನಮ್ಮದೇ ಕಡಲ ದಂಡೆಯ ತಲಶ್ಶೇರಿಯಲ್ಲಂತೂ ಭಾರತದ ಸರ್ಕಸ್ಸಿನ ಪಿತಾಮಹ ಎನಿಸಿಕೊಂಡ ಕೀಲೇರಿ ಕುಞ್ಞಿಕಣ್ಣನ್ ಶಾಲೆಯಲ್ಲಿ ಕಸರತ್ತಿನ ಮೇಷ್ಟ್ರಾಗಿದ್ದವರು. ಇವರಾರೂ ಬೋಸ್ಕೊರ ಶಿಷ್ಯರಲ್ಲ. ಆದರೂ ಮೂರು ಚೆಂಡು ಎಸೆದು ಹಿಡಿಯುವುದನ್ನು ಮಗುವಿಗೆ ಕಲಿಸಿದ ಯಾರಿಗಾದರೂ ಬೆಕ್ಕಿಯ ಹುಡುಗ ಕಂಡದ್ದು ಕಾಣುತ್ತದೆ. ಚೆಂಡು ನೂರು ಸಲ ಬೀಳುತ್ತದೆ, ನಗುವವರು ನಗುತ್ತಾರೆ, ನೂರೊಂದನೆಯ ಸಲ ಬೀಳುವುದಿಲ್ಲ. ಬಡಾಯಿಗಾರನಿಗೆ ತಾಳ್ಮೆ ಬೇಕಾಗುತ್ತದೆ, ನಾಚುವ ಹುಡುಗಿಗೆ ಎಲ್ಲರ ಮುಂದೆ ನಿಲ್ಲಬೇಕಾಗುತ್ತದೆ. ಹೆಗಲ ಮೇಲೆ ಒಬ್ಬನನ್ನು ನಿಲ್ಲಿಸಿಕೊಂಡವನು ಅಲುಗಾಡಬಾರದು. ಬೇಕಾದದ್ದು ಮೆತ್ತನೆಯ ಹಾಸು ಮತ್ತು ತಿಳಿದವರ ಕಣ್ಗಾವಲು, ಬಾಲಕ ಬೋಸ್ಕೊನಿಗೆ ಅವೆರಡೂ ಇರಲಿಲ್ಲ. ನಮ್ಮ ಮಕ್ಕಳಿಗೆ ಇರಲೇಬೇಕು.

ಬೋಸ್ಕೊರ ಸಲೇಸಿಯನ್ ಸಭೆ 1859ರಲ್ಲಿ ಆರಂಭವಾಗಿ, 1906ರಲ್ಲಿ ತಂಜಾವೂರಿನ ಮೂಲಕ ಭಾರತಕ್ಕೆ ಬಂತು. ಬೆಂಗಳೂರಿನಲ್ಲಿ ಬೀದಿ ಮಕ್ಕಳಿಗಾಗಿ 1980ರಲ್ಲಿ ಶುರುವಾದ ಓಣಿಯವರ ಸೇವಾ ಕೂಟ, ಬಾಸ್ಕೊ ಎಂದು ನಾವು ಕರೆಯುವ ಸಂಸ್ಥೆ, ಆ ಸಭೆಯದೇ ಕೊಂಬೆ. ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ ಮಕ್ಕಳಿರುವಲ್ಲಿಗೇ ಹೋಗಿ ಮಾತಾಡಿಸುವ ಅದರ ಕೆಲಸ ಕಾರ್ಮಞೋಲಾದ ಆ ಸಂಜೆಯನ್ನು ನೆನಪಿಸುತ್ತದೆ.

ನಮ್ಮ ಕ್ರೈಸ್ತ ಶಿಕ್ಷಣ ದಿನಾಚರಣೆಗಳನ್ನು ನೆನೆಯುವಾಗ ಮನಸ್ಸಿಗೆ ಸ್ವಲ್ಪ ಕಸಿವಿಸಿ. ವೇದಿಕೆಗೆ ಪ್ರತಿವರ್ಷ ಅದೇ ಹತ್ತು ಮಕ್ಕಳು ಏರುತ್ತಾರೆ, ಚೆನ್ನಾಗಿ ಹಾಡುವವರು, ತಪ್ಪಿಲ್ಲದೆ ಬೈಬಲ್ ವಾಕ್ಯ ಒಪ್ಪಿಸುವವರು. ಕೊನೆಯ ಬೆಂಚಿನಲ್ಲಿ ಕುಳಿತು ಬೆರಳ ಮೇಲೆ ಪೆನ್ನು ತಿರುಗಿಸುವ ಹುಡುಗನಿಗೆ ಪೆನ್ನು ಕೆಳಗಿಡು ಎಂದು ಗದರಿದ್ದೇವೆ. ಅದನ್ನು ಹೇಗೆ ಮಾಡುತ್ತಿ, ತೋರಿ‌ಸು ಎಂದು ಕೇಳಿದವರಲ್ಲ.

1884ರ ಮೇ 10ರಂದು ರೋಮಿನಿಂದ ಬರೆಸಿದ ಪತ್ರದಲ್ಲಿ ವೃದ್ಧ ಬೋಸ್ಕೊರಿಗೆ ಇಂಥದೇ ಕಳವಳ. ಕಾಲು ಬಾತಿತ್ತು, ಕಣ್ಣು ಮಂಜಾಗಿತ್ತು. ವಾಲ್ಡೊಕ್ಕೊದ ಅಂಗಳದಲ್ಲಿ ಹಳೆಯ ಲವಲವಿಕೆ ಕಾಣುತ್ತಿಲ್ಲ, ಗುರುಗಳು ಹುಡುಗರ ನಡುವೆ ಆಡುವುದನ್ನು ಬಿಟ್ಟು ದೂರ ನಿಂತು ಮಾತಾಡುತ್ತಿದ್ದಾರೆ ಎಂದು ಅವರು ನೊಂದುಕೊಂಡರು. ಮಕ್ಕಳನ್ನು ಪ್ರೀತಿಸಿದರಷ್ಟೇ ಸಾಲದು, ತಾವು ಪ್ರೀತಿಪಾತ್ರರು ಎಂದು ಮಕ್ಕಳಿಗೇ ತಿಳಿಯಬೇಕು, ಅವರಿಗೆ ಇಷ್ಟವಾದದ್ದನ್ನು ನೀವೂ ಇಷ್ಟಪಡಿ ಎಂಬುದು ಆ ಪತ್ರದ ಸಾರ.

1888ರ ಜನವರಿ 31ರ ನಸುಕಿನಲ್ಲಿ ಬೋಸ್ಕೊ ತೀರಿಕೊಂಡರು. ಆಗ ಅವರಿಗೆ 72 ವರ್ಷ. 1934ರ ಪುನರುತ್ಥಾನದ ಹಬ್ಬದಂದು ಅವರನ್ನು ಸಂತರೆಂದು ಘೋಷಿಸಲಾಯಿತು. ಜಗತ್ತಿನ ಎಷ್ಟೋ ಜಾದೂಗಾರರು ಅವರನ್ನು ತಮ್ಮ ಪಾಲಕ ಸಂತರೆಂದು ಭಾವಿಸುತ್ತಾರೆ.

ಪೋಪ್ ಒಂಬತ್ತನೆಯ ಪಿಯುಸ್‌ರವರ ಅಪ್ಪಣೆಯ ಮೇರೆಗೆ, 1873ರಿಂದ ಕೆಲವು ವರ್ಷ ಬೋಸ್ಕೊ ತಮ್ಮ ನೆನಪುಗಳನ್ನು ಬರೆದಿದ್ದರು. ಸಭೆಯ ಗುರುಗಳು ಮಾತ್ರ ಓದಬೇಕೆಂದು ಬರೆದ ಆ ಹಸ್ತಪ್ರತಿ ಅಚ್ಚಾಗಿ ಹೊರಬಂದದ್ದು 1946ರಲ್ಲಿ. ಒಂದು ಕಾಲದಲ್ಲಿ ಇವೆಲ್ಲ ಗಾಂಭೀರ್ಯಕ್ಕೆ ಒಪ್ಪದ್ದೆಂದು ಬಿಟ್ಟಿದ್ದವರು, ಸುಮಾರು ಅರವತ್ತರ ವಯಸ್ಸಿನಲ್ಲಿ, ಹಗ್ಗ ಹೇಗೆ ಕಟ್ಟುತ್ತಿದ್ದೆ, ಮೇಜಿನ ಮೇಲೆ ಏನಿತ್ತು, ಯಾವ ಆಟದ ನಂತರ ಯಾವುದು ಎಂಬುದನ್ನೆಲ್ಲ ಅಲ್ಲಿ ಬಿಡದೆ ಬರೆದಿದ್ದಾರೆ. ಬೆಕ್ಕಿಯ ಹುಲ್ಲುಗಾವಲಿನ ಮರಗಳಲ್ಲಿ ಆ ಪೇರ್ ಮರ ಇನ್ನೂ ನಿಂತಿದೆ ಎಂದೂ ಅದರಲ್ಲಿ ಸೇರಿಸಿದ್ದಾರೆ.